ಮೂವತ್ತೊಂದು ಎದೆಗೆ ಒಂದು ಮೌತ್ ಆರ್ಗನ್

ಅರೆಯುವ ಮನೆಯ ಮೂವತ್ತೊಂದು ಕೆಲಸಗಾರರ ಎದೆ ಗಟ್ಟಿಯಾಗಿದೆಯೆಂದು ಕಾರ್ಖಾನೆಯ ಡಾಕ್ಟರು ಒಂದು ಮೌತ್ ಆರ್ಗನ್ ಊದಿಸಿ ನೋಡಿ ಬರೆದರು. ಮರುದಿನ ಬೆಳಿಗ್ಗೆ ಮೂವತ್ತೊಂದು ಜನವೂ ಅರೆಯುವ ಮನೆಗೇ ಕೆಲಸಕ್ಕೆ ಹೋದರು.

ಆ ಮೌತ್ ಆರ್ಗನ್ ಪೀಪಿಯದು.

ಪೀಪಿ ಎಂಬುದು ಅಡ್ಡಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಆ ಪುಟದ ಮೇಲೆ ಕಲ್ಲಿನ ಪುಡಿ ಕೂತು ಓದಲು ಬರುತ್ತಿರಲಿಲ್ಲ. ಬಿಳಿಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಚೀಲಕ್ಕೆ ತುಂಬುವ ಕಾರ್ಖಾನೆ ಅದು. ಆ ಪುಡಿ ಎಲ್ಲೆಲ್ಲೋ ಹೋಗಿ ಗೋಡೆಯ ಬಣ್ಣವಾಗುತ್ತಿತ್ತು, ಪಿಂಗಾಣಿ ಬಟ್ಟಲಾಗುತ್ತಿತ್ತು. ಎಲ್ಲೂ ಹೋಗಲು ಮನಸ್ಸಿಲ್ಲದ ಪುಡಿ ಅಲ್ಲೇ ಕೆಲಸಗಾರರ ಎದೆಯೊಳಗೆ ಉಳಿದುಕೊಳ್ಳುತ್ತಿತ್ತು.

ಕಾರ್ಖಾನೆಯವರು ಕರುಣೆಯಿಲ್ಲದವರೆಂದು ಹೇಳಿದರೆ ತಪ್ಪಾದೀತು. ಅವರಲ್ಲಿ ಒಂದು ನಿಯಮವಿತ್ತು. ವರ್ಷಕ್ಕೊಮ್ಮೆ ಊದುವ ಪರೀಕ್ಷೆ. ಉಸಿರು ಸಾಲದವರನ್ನು ಅರೆಯುವ ಮನೆಯಿಂದ ಬಿಡಿಸಿ ಮೊಹರಿನ ಕೋಣೆಗೆ ಕಳಿಸಬೇಕು. ಮೊಹರಿನ ಕೋಣೆಗೆ ಮೂರು ಕಿಟಕಿ, ನಾಲ್ಕು ಕುರ್ಚಿ. ಕುರ್ಚಿಯ ಮೇಲೆ ಕೂತು ಖಾಲಿ ಚೀಲಗಳಿಗೆ ಮೊಹರು ಒತ್ತುವುದಷ್ಟೇ ಕೆಲಸ. ಇಪ್ಪತ್ತೆರಡು ವರ್ಷ ಕಿಟಕಿಯಿಲ್ಲದ ಅರೆಯುವ ಮನೆಯಲ್ಲಿ ನಿಂತಿದ್ದ ಪೀಪಿಗೆ ಈ ಲೋಕದಿಂದ ಬರಬೇಕಾಗಿದ್ದದ್ದು ಆ ನಾಲ್ಕರಲ್ಲಿ ಒಂದು ಕುರ್ಚಿ. ಇನ್ನೊಂದು ತನ್ನ ಜೊತೆಗಾರ ಉದ್ದಣ್ಣನಿಗೆ ಸಿಗಲಿ ಎಂಬ ಆಸೆಯೂ ಇತ್ತು. ಉದ್ದಣ್ಣ ಕಾರ್ಖಾನೆಯ ಹನ್ನೊಂದು ಮೆಟ್ಟಿಲು ಹತ್ತಲು ಮೂರು ಕಡೆ ಕೂರುತ್ತಿದ್ದ. ಪ್ರತಿಸಲ ಕೂತಾಗಲೂ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವ ನಾಟಕವಾಡುತ್ತಿದ್ದ.

ಆದರೆ ಪೀಪಿಗೆ ಒಂದು ಜಂಬವಿತ್ತು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಹೋದ ವರ್ಷದ ಪರೀಕ್ಷೆ ಮುಗಿದ ಮೇಲೆ ಅವನ ಮೌತ್ ಆರ್ಗನ್ ತಡವರಿಸತೊಡಗಿತು. ಕೆಳಗಿನ ಸ್ವರಗಳು ಬರಲೇ ಇಲ್ಲ; ಮೇಲಿನವು ಬಂದು ಅರ್ಧಕ್ಕೆ ನಿಂತವು. ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವನು ತನ್ನ ಎದೆಯನ್ನು ಅನುಮಾನಿಸುತ್ತಾನೆ. ಪೀಪಿ ವಾದ್ಯವನ್ನು ಅನುಮಾನಿಸಿದ. ಕನ್ನಡಕದ ಅಂಗಡಿಯಿಂದ ಸಣ್ಣ ಸ್ಕ್ರೂಡ್ರೈವರ್ ಕೇಳಿ ತಂದು, ಮಂಚದ ಮೇಲೆ ಹಳೇ ಪತ್ರಿಕೆ ಹಾಸಿ ಅದನ್ನು ಬಿಚ್ಚಿ ಹರಡಿದ. ಒಳಗೆ ಎರಡು ಹಿತ್ತಾಳೆ ತಗಡು. ಒಂದೊಂದರಲ್ಲೂ ಹತ್ತು ಸೀಳು. ಪ್ರತಿ ಸೀಳಿನ ಮೇಲೂ ಒಂದು ತುದಿಗೆ ಮಾತ್ರ ಮೊಳೆ ಹೊಡೆದು ಕೂರಿಸಿದ ತೆಳ್ಳನೆಯ ಹಿತ್ತಾಳೆ ನಾಲಿಗೆ, ಹಾರ್ಮೋನಿಯಂ ರಿಪೇರಿಯವರ ಬಾಯಲ್ಲಿ ರೀಡು. ಮೂರು ಭಾನುವಾರ ಅದನ್ನು ದಿಟ್ಟಿಸಿ ನೋಡಿದ ಮೇಲೆ ಅವನಿಗೆ ಗುಟ್ಟು ತಿಳಿಯಿತು. ತಿಳಿದದ್ದನ್ನು ಹೆಂಡತಿಗೆ ಹೇಳದೆ ಇರಲಾರದವನು ಅವನು.

"ನೋಡೇ, ನಾನು ಊದೋದು ಬರೀ ಗಾಳಿ. ಅದಕ್ಕೆ ಸ್ವರ ಇಲ್ಲ. ಈ ರೀಡು ಇದ್ಯಲ್ಲ, ಸೀಳಿನ ಬಾಗಿಲಲ್ಲಿ ಸ್ವಲ್ಪ ಎದ್ದು ನಿಂತಿದೆ. ಗಾಳಿ ತಳ್ಳಿದ್ರೆ ಒಳಗೆ ಬಗ್ಗಿ ಬಾಗಿಲು ಮುಚ್ಚತ್ತೆ. ಸ್ಪ್ರಿಂಗಲ್ವಾ, ಚಿಮ್ಮಿ ತೆರೆಯತ್ತೆ. ಮತ್ತೆ ಮುಚ್ಚತ್ತೆ, ಮತ್ತೆ ತೆರೆಯತ್ತೆ. ಸೆಕೆಂಡಿಗೆ ನಾನೂರು ಐನೂರು ಸಲ! ಗಾಳೀನ ಚೂರು ಚೂರು ಕತ್ತರಿಸಿ ಹೊರಗೆ ಎಸೆಯತ್ತೆ. ಆ ಚೂರುಗಳು ಸಾಲಾಗಿ ಕಿವಿಗೆ ಬಡಿಯೋದೇ ಸ್ವರ. ಉದ್ದ ರೀಡು ನಿಧಾನ, ಅದಕ್ಕೆ ದಪ್ಪ ಸ್ವರ. ಗಿಡ್ಡ ರೀಡು ಚುರುಕು, ಅದಕ್ಕೆ ಕೀರಲು."

"ಸೆಕೆಂಡಿಗೆ ಐನೂರು ಸಲ ಬಾಗಿಲು ತೆಗೆದು ಮುಚ್ಚೋದಾ? ಅದಕ್ಕೂ ನಿಮ್ಮ ಕಾರ್ಖಾನೇಲೇ ಕೆಲಸ ಇರಬೇಕು," ಎಂದಳು ಅವಳು, ಒಗೆದ ಬಟ್ಟೆ ಮಡಿಸುತ್ತ. ಅವನ ಅಂಗಿ ಎಷ್ಟು ಸಲ ಕೊಡವಿದರೂ ಬಿಳಿ ಪುಡಿ ಬೀಳುತ್ತಿತ್ತು.

"ತಮಾಷೆ ಅಲ್ಲ ಕಣೇ. ನಿನ್ನ ಒಂದು ಹೇರ್‌ಪಿನ್ ಕೊಡು."

ಆ ಹೇರ್‌ಪಿನ್ನಿನ ತುದಿಯಿಂದ ಪೀಪಿ ಇಪ್ಪತ್ತು ರೀಡುಗಳನ್ನೂ ಒಂದೊಂದಾಗಿ ಮೆಲ್ಲಗೆ ಒತ್ತಿ ತಗಡಿಗೆ ಹತ್ತಿರ ತಂದ. ರೀಡಿಗೂ ಸೀಳಿಗೂ ನಡುವೆ ಕೂದಲೆಳೆ ಹಾಯುವಷ್ಟೇ ಸಂದು ಉಳಿಯಿತು. ಈಗ ಗಾಳಿ ಪೋಲಾಗುವಂತಿಲ್ಲ. ಮೇಣದಬತ್ತಿ ಆರಿಸಲಾರದ ಉಸಿರು ಸಾಕು, ವಾದ್ಯ ಹಾಡುತ್ತಿತ್ತು. ಊದಿದರೆ ಒಂದು ಸ್ವರ, ಎಳೆದುಕೊಂಡರೆ ಇನ್ನೊಂದು. ಪೀಪಿ ಒಂದಿಡೀ ಪದ ನುಡಿಸಿ, ಕಾಯಿಲೆ ವಾಸಿಯಾದವನಂತೆ ಹೆಂಡತಿಯ ಮುಖ ನೋಡಿದ.

"ವಾದ್ಯ ರಿಪೇರಿ ಆಯ್ತು, ಸಂತೋಷ," ಎಂದಳು ಅವಳು. "ನಿಮ್ಮನ್ನ ಯಾರು ಬಿಚ್ಚಿ ನೋಡ್ತಾರೆ?"

ಬಿಚ್ಚಿ ನೋಡಬೇಕಾದವರು ಡಾಕ್ಟರು. ಅವರ ಬಳಿ ಇದ್ದದ್ದು ಒಂದು ಡಬ್ಬಿ, ಒಂದು ರಬ್ಬರ್ ನಳಿಗೆ, ಡಬ್ಬಿಯ ಮುಖದ ಮೇಲೆ ಒಂದು ಮುಳ್ಳು. ಪರೀಕ್ಷೆಯ ಬುಧವಾರ ಆ ಮುಳ್ಳು ಸೊನ್ನೆಯನ್ನು ಬಿಟ್ಟು ಕದಲಲಿಲ್ಲ. ಡಾಕ್ಟರು ಡಬ್ಬಿಯನ್ನು ತಟ್ಟಿದರು, ತಾವೇ ಊದಿದರು, ಬೈದರು. ಸೊನ್ನೆ. ಸೊನ್ನೆಯೆಂದೇ ಬರೆದುಕೊಂಡರೆ ಮೂವತ್ತೊಂದು ಜನರನ್ನೂ ಮೊಹರಿನ ಕೋಣೆಗೆ ಕಳಿಸಬೇಕು, ಇರುವುದು ನಾಲ್ಕು ಕುರ್ಚಿ. ವೈದ್ಯಶಾಸ್ತ್ರಕ್ಕೆ ಇಂಥ ಇಕ್ಕಟ್ಟು ಹಿಂದೆಂದೂ ಬಂದಿರಲಾರದು.

"ಎಂಥ ಕರ್ಮ ಅಯ್ಯಾ ಇದು," ಎಂದರು ಡಾಕ್ಟರು, ಸಾಲಿನಲ್ಲಿ ಮೊದಲು ನಿಂತಿದ್ದ ಪೀಪಿಗೆ. "ಊದೋಕೆ ಬೇರೆ ಏನೂ ಇಲ್ವಲ್ಲ."

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ನನ್ನ ಹತ್ರ ಇದೆ ಸಾರ್," ಎಂದ ಪೀಪಿ, ಜೇಬಿನಿಂದ ತೆಗೆದು. "ನಾನೇ ರಿಪೇರಿ ಮಾಡಿದ್ದು. ಕೇಳಿ ನೋಡಿ."

ನುಡಿಸಿದ. ಎರಡು ಅಂಗೈ ಬಟ್ಟಲಿನಂತೆ ಹಿಡಿದು, ತೆರೆದು ಮುಚ್ಚಿ, ಸ್ವರವನ್ನು ನಡುಗಿಸಿ, ದಪ್ಪ ಮಾಡಿ, ತೆಳು ಮಾಡಿ. ಹೊರಗೆ ಬೆಂಚಿನ ಮೇಲಿದ್ದವರು ಎದ್ದು ಬಾಗಿಲಿಗೆ ಬಂದರು. ಡಾಕ್ಟರ ಕಣ್ಣು ಮಿನುಗಿತು.

"ಭಲೇ! ಇಷ್ಟು ಸೊಗಸಾಗಿ ಊದೋನಿಗೆ ಎದೆ ಕಾಯಿಲೆ ಅಂತೆ!" ಎಂದು ರಿಜಿಸ್ಟರಿನಲ್ಲಿ ಬರೆದರು. ಪೀಪಿ ಹೊಗಳಿಕೆಗೆ ಹಿಗ್ಗಿ ತಲೆ ಬಾಗಿಸಿದ್ದರಿಂದ ಏನು ಬರೆದರೆಂದು ನೋಡಲಿಲ್ಲ. ಡಾಕ್ಟರು ವಾದ್ಯವನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರು. "ನೆಕ್ಸ್ಟ್! ಬಾ, ಊದು."

ಮೂವತ್ತೊಂದು ಜನ ಊದಿದರು. ಮೂವತ್ತೊಂದು ಸಲವೂ ಸ್ವರ ಬಂತು. ಎಲ್ಲರಿಗಿಂತ ಇಂಪಾಗಿ ಬಂದದ್ದು ಉದ್ದಣ್ಣನದು. ಅವನ ಉಸಿರು ಅಷ್ಟು ಸಣ್ಣದಿತ್ತು. ಪೀಪಿ ಗೋಡೆಗೊರಗಿ ನಿಂತು ಪ್ರತಿ ಸ್ವರಕ್ಕೂ "ಆಹಾ" ಎನ್ನುತ್ತಿದ್ದ. ಮಗಳ ಮದುವೆಯಲ್ಲಿ ನಿಂತ ಅಪ್ಪನಿಗೂ ಅಷ್ಟು ಹೆಮ್ಮೆ ಇರಲಾರದು.

ಕೊನೆಗೆ ಡಾಕ್ಟರು ರಿಜಿಸ್ಟರನ್ನು ತಿರುಗಿಸಿ ಎಲ್ಲರ ಹೆಬ್ಬೆಟ್ಟು, ಸಹಿ ತೆಗೆದುಕೊಂಡರು. ಮೇಲಿಂದ ಕೆಳಗಿನ ತನಕ ಒಂದೇ ಮಾತು: ಶ್ವಾಸ ಉತ್ತಮ.

"ಪೀಪೀ," ಎಂದ ಉದ್ದಣ್ಣ ಮೆಲ್ಲಗೆ. "ಏನೋ ಮಾಡಿಬಿಟ್ಟೆ ನೀನು?"

ಮೌತ್ ಆರ್ಗನ್ನನ್ನು ಹಿಂದಕ್ಕೆ ಕೇಳಿದಾಗ ಡಾಕ್ಟರು ಅದನ್ನು ಗಾಜಿನ ಕಪಾಟಿನೊಳಗಿಟ್ಟು ಬೀಗ ಹಾಕಿದರು. ಅದಕ್ಕೊಂದು ಚೀಟಿ ಅಂಟಿತು: ಶ್ವಾಸ ಪರೀಕ್ಷಾ ಯಂತ್ರ, ಒಂದು.

ಸುದ್ದಿ ಬೀದಿಗೆ ಪೀಪಿಗಿಂತ ಮೊದಲು ತಲುಪಿತ್ತು. ಮನೆ ಓನರಮ್ಮ ಮೆಟ್ಟಿಲ ಬುಡದಲ್ಲೇ ತಡೆದಳು. "ಎದೆ ಕಲ್ಲಿನ ಹಾಗಿದೆಯಂತೆ! ಮತ್ತೆ ಇಷ್ಟು ದಿನ ಕೊಡ ಎತ್ತೋಕಾಗಲ್ಲ ಅಂತ ನಾಟಕ ಆಡ್ತಿದ್ರಾ? ನಾಳೆಯಿಂದ ನಮ್ಮ ನೀರಿನ ಡ್ರಮ್ಮೂ ನೀವೇ ಮೇಲೆ ಹಾಕಿಬಿಡಿ, ಪುಣ್ಯ ಬರತ್ತೆ."

ಎದೆ ಕಲ್ಲಿನ ಹಾಗಿದೆ ಎಂದದ್ದರಲ್ಲಿ ಅವಳು ತಪ್ಪೇನೂ ಹೇಳಿರಲಿಲ್ಲ.

ಒಳಗೆ ಹೆಂಡತಿಯ ತಮ್ಮ ಕಾಯುತ್ತಿದ್ದ. ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ಲೋಕದಲ್ಲಿ ಅರ್ಜಿಯಿಂದ ವಾಸಿಯಾಗದ ಕಾಯಿಲೆಯಿಲ್ಲವೆಂದು ನಂಬಿದವನು.

"ಭಾವ, ಚಿಂತೆ ಬಿಡಿ. ಬರೀತೀನಿ. ವಿಷಯ ಏನು ಅಂದ್ರೆ, ಕೊಳಲಿನೊಳಗಿನ ಗಾಳಿಯ ಕಂಬ..."

"ಕೊಳಲಲ್ಲಪ್ಪ. ಅದರಲ್ಲಿ ಕೊಳವೆಯೊಳಗಿನ ಗಾಳಿ ಕುಣೀಬೇಕು. ಇದರಲ್ಲಿ ರೀಡು ಕುಣಿಯತ್ತೆ. ನನ್ನ ಕೆಲಸ ಅದನ್ನ ತಟ್ಟಿ ಎಬ್ಬಿಸೋದು ಅಷ್ಟೆ. ಅದಕ್ಕೆ ಉಸಿರೇ ಬೇಡ ಅನ್ನು."

"ಉಸಿರಿಲ್ಲದೆ ಸ್ವರ ಬರತ್ತೆ ಅಂತ ಬರೆದ್ರೆ ನಗ್ತಾರೆ ಭಾವ. ಗಾಳಿಯ ಕಂಬ ಅಂತಾನೇ ಇರಲಿ, ಘನತೆ ಇರತ್ತೆ."

ಅರ್ಜಿ ನಾಲ್ಕು ಪುಟವಾಯಿತು. ಅದನ್ನು ಓದಿದವರಿಗೆ ಪೀಪಿಯ ಎದೆಯಲ್ಲಿ ಒಂದು ಕಂಬ ನಿಂತಿದೆ, ಅದನ್ನು ಕಾರ್ಖಾನೆಯವರು ಮುಟ್ಟುಗೋಲು ಹಾಕಿಕೊಂಡಿದ್ದಾರೆ ಎಂದಷ್ಟೇ ಅರ್ಥವಾಗುತ್ತಿತ್ತು. ಮ್ಯಾನೇಜರು ಎರಡು ಸಲ ಓದಿ ಪೀಪಿಯನ್ನೂ ಉದ್ದಣ್ಣನನ್ನೂ ಕರೆಸಿದರು. ಡಾಕ್ಟರು ಪಕ್ಕದ ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ಮೌತ್ ಆರ್ಗನ್.

"ಏನಯ್ಯಾ ಇದು ಕಂಬ?"

ಪೀಪಿ ನಿಂತಲ್ಲೇ ಬೆವರಿದ. ಆದರೂ ಹೇಳಿದ. ಬಾಗಿಲು, ಸ್ಪ್ರಿಂಗು, ಐನೂರು ಸಲ, ಹೇರ್‌ಪಿನ್ನು, ಕೂದಲೆಳೆಯ ಸಂದು. ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಸಲ ಮೇಜನ್ನು ಹಿಡಿದುಕೊಳ್ಳಬೇಕಾಯಿತು.

"ಅಂದ್ರೆ ಇದನ್ನ ಸತ್ತವನೂ ಊದಬಹುದು ಅಂತೀಯ?"

"ಸತ್ತವರಿಗೆ ಆಗಲ್ಲ ಸಾರ್. ನಮ್ಮಂಥವರಿಗೆ ಆಗತ್ತೆ. ಆಗದೇ ಇರೋದು ತಮ್ಮಂಥವರಿಗೆ."

"ನನಗಾ?" ಮ್ಯಾನೇಜರು ಎದ್ದರು. ಎರಡು ಬಾಗಿಲಿನಷ್ಟು ಅಗಲದ ಮನುಷ್ಯ. ಕಿಟಕಿಯ ಪರದೆ ಅಲುಗುವಂತೆ ಉಸಿರೆಳೆದು, ಕೆನ್ನೆ ಉಬ್ಬಿಸಿ ಊದಿದರು.

ಸ್ವರವಿಲ್ಲ. ಒಂದು ಚೂರೂ ಇಲ್ಲ. ಮತ್ತೆ ಊದಿದರು. ಕತ್ತಿನ ನರ ಎದ್ದು ನಿಂತವು. ಬಾಗಿಲಲ್ಲಿದ್ದ ಜವಾನ ಕಣ್ಣು ಮುಚ್ಚಿಕೊಂಡ.

"ಜೋರು ಗಾಳಿ ರೀಡನ್ನ ಅದುಮಿ ಸೀಳಿಗೆ ಅಂಟಿಸಿಬಿಡತ್ತೆ ಸಾರ್," ಎಂದ ಪೀಪಿ. "ಬಾಗಿಲು ಮುಚ್ಚಿದ್ದು ಮುಚ್ಚಿದ್ದೇ. ತೆರೆಯೋಕೆ ಬಿಟ್ಟರಲ್ವಾ ಸ್ವರ?"

ಡಾಕ್ಟರು ಕಸಿದುಕೊಂಡು ಊದಿದರು. ಅವರದೂ ಗಟ್ಟಿ ಎದೆ. ಮೌನ. ಪೀಪಿ ಅದನ್ನು ಉದ್ದಣ್ಣನ ಕೈಗೆ ಕೊಟ್ಟ. ಉದ್ದಣ್ಣ ನಿಟ್ಟುಸಿರು ಬಿಟ್ಟನೋ ಊದಿದನೋ ಗೊತ್ತಾಗಲಿಲ್ಲ. ಕೋಣೆಯ ತುಂಬ ಸ್ವರ ಹರಡಿತು.

ಗೆದ್ದೆವೆಂದುಕೊಂಡ ಪೀಪಿ. ಎದೆ ಕೆಟ್ಟವನಿಗೆ ಹಾಡುತ್ತದೆ, ಎದೆ ಗಟ್ಟಿಯಿದ್ದವನಿಗೆ ಹಾಡುವುದಿಲ್ಲ. ಇನ್ನೇನು ಸಾಕ್ಷಿ ಬೇಕು? ಮ್ಯಾನೇಜರು ಮೆಲ್ಲಗೆ ಕುರ್ಚಿಗೆ ಕುಸಿದು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಡಾಕ್ಟ್ರೇ," ಎಂದರು ಬತ್ತಿದ ದನಿಯಲ್ಲಿ. "ನನಗೆ ಸ್ವರ ಬರಲಿಲ್ಲ."

"ಬರಲಿಲ್ಲ ಸಾರ್."

"ಅಂದ್ರೆ?"

ಡಾಕ್ಟರು ರಿಜಿಸ್ಟರು ತೆರೆದರು.

ಮ್ಯಾನೇಜರು ಅದೇ ವಾರ ಮೂರು ತಿಂಗಳ ವಿಶ್ರಾಂತಿಗೆ ಬೆಟ್ಟದ ಮೇಲಿನ ಕಾರ್ಖಾನೆಯ ಬಂಗಲೆಗೆ ಹೋದರು. ಹೂವು, ಹಣ್ಣು, ಉಣ್ಣೆಯ ಶಾಲು, ಬೀಳ್ಕೊಡುಗೆ. ಡಾಕ್ಟರಿಗೆ ವಿಶ್ರಾಂತಿ ಬರೆದುಕೊಡಲು ಬೇರೆ ಡಾಕ್ಟರಿಲ್ಲದ್ದರಿಂದ ಅವರು ತ್ಯಾಗ ಮಾಡಿ ಉಳಿದರು. ಆಮೇಲೆ ಆಫೀಸಿನಲ್ಲಿ ಎದೆ ಕಾಯಿಲೆ ಹಬ್ಬಿದ ರಭಸ ನೋಡಬೇಕಾಗಿತ್ತು. ಟೈಪಿಸ್ಟು ಬಂದು ಜೋರಾಗಿ ಊದಿದ, ಸ್ವರವಿಲ್ಲ. ಗೇಟಿನ ಪೈಲ್ವಾನ ಊದಿದ, ಸ್ವರವಿಲ್ಲ. ಸೇಲ್ಸಿನ ಇಬ್ಬರು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದು ಫೇಲಾದರು. ಮೊಹರಿನ ಕೋಣೆಯ ನಾಲ್ಕು ಕುರ್ಚಿಯೂ ತುಂಬಿತು. ಅರೆಯುವ ಮನೆಯ ಮೂವತ್ತೊಂದು ಜನ ಉತ್ತಮರು ಪುಡಿಯೊಳಗೆ ನಿಂತು, ಆ ಮೂರು ಕಿಟಕಿಗಳಿಂದ ಬರುವ ನಗು ಕೇಳುತ್ತಿದ್ದರು.

"ಅಲ್ಲ, ಸರಿಯಾಗಿ ಯೋಚನೆ ಮಾಡು," ಎಂದ ಪೀಪಿ ಉದ್ದಣ್ಣನಿಗೆ. "ಮರುಪರೀಕ್ಷೆ ಕೇಳೋಣ. ನಾವೂ ಜೋರಾಗಿ ಊದಿಬಿಡೋಣ. ರೀಡು ಅಂಟಿಕೊಳ್ಳತ್ತೆ. ನಾವೂ ಫೇಲು."

"ಜೋರಾಗಿ ಅಂದ್ರೆ ಎಷ್ಟು ಜೋರು?"

"ಮ್ಯಾನೇಜರಷ್ಟು."

ಉದ್ದಣ್ಣ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ನಗುವ ಮನಸ್ಸು ಉಳಿದಿರಲಿಲ್ಲ.

ಪೀಪಿ ಮನೆಯಲ್ಲಿ ಅಭ್ಯಾಸ ಶುರು ಮಾಡಿದ. ಮೌತ್ ಆರ್ಗನ್ ಕಪಾಟಿನಲ್ಲಿತ್ತು. ಅದಕ್ಕೆ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು ಮೊಳ ದೂರದಿಂದ ಊದಿದ. ಜ್ವಾಲೆ ಒಂದಿಷ್ಟು ವಾಲಿ, ಸರಿಯಾಗಿ ನಿಂತಿತು. ಗೇಣು ದೂರಕ್ಕೆ ತಂದ. ಮತ್ತೆ ವಾಲಿತು, ಮತ್ತೆ ನಿಂತಿತು. ಭಾವಮೈದ ಪಕ್ಕದಲ್ಲಿ ಕೂತು "ಹೊಟ್ಟೆಯಿಂದ, ಭಾವ, ಹೊಟ್ಟೆಯಿಂದ!" ಎಂದು ಹುರಿದುಂಬಿಸಿದ. ಓನರಮ್ಮ ಬಾಗಿಲಲ್ಲಿ ನಿಂತು, "ಹಗಲಲ್ಲಿ ಯಾಕೆ ಬತ್ತಿ ಹಾಳು ಮಾಡ್ತೀರಿ?" ಎಂದಳು. ಐದನೆಯ ಸಲಕ್ಕೆ ಪೀಪಿ ಮೇಜಿನ ಮೇಲೆ ಬೋರಲು ಬಿದ್ದ. ಹೆಂಡತಿ ಬೆನ್ನು ನೀವಿ, ತಾನೇ ಬಗ್ಗಿ 'ಉಫ್' ಎಂದು ಬತ್ತಿ ಆರಿಸಿದಳು.

"ಫೇಲಾಗೋದಕ್ಕೂ ಉಸಿರು ಬೇಕಲ್ಲೇ," ಎಂದ ಪೀಪಿ.

ಅವಳು ಆರಿದ ಬತ್ತಿಯನ್ನು ಎತ್ತಿಟ್ಟಳು. ಭಾವಮೈದ ಅರ್ಜಿಯ ಕಾಗದ ಹುಡುಕಿದ. ಏನು ಬರೆಯಬೇಕೆಂದು ಹೊಳೆಯದೆ ಮಡಿಸಿ ಜೇಬಿಗಿಟ್ಟುಕೊಂಡ.

ಶುಕ್ರವಾರ ಬೆಳಿಗ್ಗೆ ಉದ್ದಣ್ಣ ಏಳನೆಯ ಮೆಟ್ಟಿಲ ಮೇಲೆ ಕೂತ. ಹಿಂದೆ ಬರುತ್ತಿದ್ದವರು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾನೆಂದು ದಾಟಿ ಹೋದರು. ಸೈರನ್ ಆದ ಮೇಲೂ ಅವನು ಕೂತೇ ಇದ್ದ. ಪೀಪಿ ಇಳಿದು ಬಂದು ಭುಜ ಮುಟ್ಟಿದಾಗ ಒಂದು ಕಡೆಗೆ ವಾಲಿದ, ಮೇಣದಬತ್ತಿಯ ಜ್ವಾಲೆ ವಾಲಿದ ಹಾಗೆ. ಆದರೆ ಸರಿಯಾಗಿ ನಿಲ್ಲಲಿಲ್ಲ.

ಡಾಕ್ಟರು ರಿಜಿಸ್ಟರು ನೋಡಿ ಉದ್ದಣ್ಣನ ಹೆಂಡತಿಗೆ ಹೇಳಿದರು, "ನೋಡಮ್ಮ, ಶ್ವಾಸ ಉತ್ತಮವಾಗಿತ್ತು. ನಮ್ಮ ಕಡೆಯಿಂದ ಏನೂ ತೊಂದರೆ ಇರಲಿಲ್ಲ."

"ಹಾಗಾದ್ರೆ ಅವರು ಯಾಕೆ ಹೋದ್ರು ಸಾರ್?" ಎಂದು ಕೇಳಿದಳು ಅವಳು. ಜಗಳಕ್ಕಲ್ಲ, ತಿಳಿದುಕೊಳ್ಳುವುದಕ್ಕೆ. ಡಾಕ್ಟರು ಪುಟ ತಿರುವಿದರು. ಅದಕ್ಕೆ ಅಲ್ಲಿ ಕಾಲಮ್ಮಿರಲಿಲ್ಲ.

ಹದಿನೈದು ದಿನದ ಮೇಲೆ ಸರ್ಕಾರದ ಇನ್ಸ್‌ಪೆಕ್ಟರು ಬಂದರು. ಯಾರೋ ಬರೆದ ದೂರು ಅವರ ಫೈಲಿನಲ್ಲಿತ್ತು. ಅದರಲ್ಲಿ ಗಾಳಿಯ ಕಂಬದ ಸುದ್ದಿಯಿತ್ತಾದ್ದರಿಂದ ಬರೆದದ್ದು ಯಾರೆಂದು ನಾವು ಊಹಿಸಬಹುದು. ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಬಿಸಿಲಲ್ಲಿ ಬಂದು ದಣಿದಿದ್ದರು. ಅವರ ಕೈಯಲ್ಲಿ ಡಾಕ್ಟರು ಸಿದ್ಧಪಡಿಸಿಕೊಟ್ಟ ನಮೂನೆಯ ಕಾಗದ, ಅದರಲ್ಲಿ ಎರಡು ಕಾಲಮ್: ಸ್ವರ ಬಂತು, ಸ್ವರ ಬರಲಿಲ್ಲ.

ಮೂವತ್ತು ಜನರನ್ನು ಡಾಕ್ಟರ ಕೋಣೆಯಲ್ಲಿ ಗೋಡೆಯುದ್ದಕ್ಕೂ ನಿಲ್ಲಿಸಿದರು. ಡಾಕ್ಟರು ಕಪಾಟಿನ ಬೀಗ ತೆಗೆದು ಮೌತ್ ಆರ್ಗನ್ನನ್ನು ಪೀಪಿಯ ಕೈಗೆ ಕೊಟ್ಟು, ಕಿವಿಯ ಹತ್ತಿರ ಬಗ್ಗಿದರು. "ಚೆನ್ನಾಗಿರೋ ಪದ ಒಂದು ನುಡಿಸು. ಸಾಹೇಬರು ಖುಷಿ ಪಡ್ತಾರೆ. ಮುಂದಿನ ವರ್ಷ ಮೊಹರಿನ ಕೋಣೇಲಿ ಒಂದು ಕುರ್ಚಿ ನಿನಗೇ ಅಂದ್ಕೋ."

ವರ್ಷಗಟ್ಟಲೆ ಜೇಬಿನಲ್ಲಿದ್ದ ವಸ್ತು. ಪೀಪಿ ಅದನ್ನು ತಿರುಗಿಸಿ ನೋಡಿದ. ಸ್ಪಿರಿಟ್ಟಿನ ವಾಸನೆ. ತಗಡಿನ ಮೂಲೆಯಲ್ಲಿ ತನ್ನ ಸ್ಕ್ರೂಡ್ರೈವರ್ ಜಾರಿದ ಗೀರು. ಮೆತ್ತಗೆ ಊದಿದರೆ ಹಾಡುತ್ತದೆ. ಜೋರಾಗಿ ಊದಲು ತನ್ನಿಂದಾಗದು. ಎಳೆದುಕೊಂಡರೂ ಹಾಡುತ್ತದೆ. ಉಸಿರನ್ನು ಒಳಗೆ ಎಳೆದರೂ ಹೊರಗೆ ಬಿಟ್ಟರೂ ಅದು ಹೇಳುವುದು ಒಂದೇ, ಶ್ವಾಸ ಉತ್ತಮ. ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದ ಅವನು.

ಅದನ್ನು ಮೇಜಿನ ಮೇಲಿಟ್ಟು ತುಟಿ ಮುಚ್ಚಿಕೊಂಡ.

"ಊದಪ್ಪ," ಎಂದರು ಇನ್ಸ್‌ಪೆಕ್ಟರು.

"ಊದಲ್ಲ ಸಾರ್."

"ಊದಲ್ಲ ಅಂದ್ರೆ?" ಅವರು ನಿಜಕ್ಕೂ ಗಾಬರಿಯಾಗಿ ಕಾಗದ ನೋಡಿದರು. "ಬಂತು, ಬರಲಿಲ್ಲ, ಎರಡೇ ಇರೋದು. ಇದನ್ನ ಎಲ್ಲಿ ಬರೀಲಿ ನಾನು?"

"ಏಯ್, ಹುಚ್ಚಾಟ ಬೇಡ," ಎಂದರು ಡಾಕ್ಟರು. "ಸರಿ ಬಿಡಿ ಸಾರ್, ಇವನಿಗೆ ತಲೆ ಸರಿಯಿಲ್ಲ. ನೀನು ಬಾರಯ್ಯಾ, ನೀನು ಊದು."

ಎರಡನೆಯವನು ಪೀಪಿಯ ಮುಖ ನೋಡಿದ. ಮೇಜಿನ ಹತ್ತಿರ ಹೋಗಲಿಲ್ಲ. ಮೂರನೆಯವನೂ ಹೋಗಲಿಲ್ಲ. ಅರೆಯುವ ಯಂತ್ರವನ್ನು ಸಾಹೇಬರ ಗೌರವಕ್ಕೆ ನಿಲ್ಲಿಸಿದ್ದರಿಂದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಕಟ್ಟಡದಲ್ಲಿ ಸಣ್ಣ ಸದ್ದೂ ಕೇಳುವಂತಿತ್ತು.

ಆಗ ಕೇಳಿಸಿತು. ತೆಳ್ಳಗೆ, ಕೀರಲಾಗಿ, ಒಮ್ಮೆ ಏರಿ ಒಮ್ಮೆ ಇಳಿದು. ಒಂದಲ್ಲ, ಹಲವು, ಒಂದೊಂದೂ ಬೇರೆ ಬೇರೆ ಶ್ರುತಿ. ಇನ್ಸ್‌ಪೆಕ್ಟರು ಪೆನ್ನು ಎತ್ತಿ ಸುತ್ತ ನೋಡಿದರು. ಮೌತ್ ಆರ್ಗನ್ ಮೇಜಿನ ಮೇಲೇ ಇತ್ತು.

"ಯಾರದು ಊದ್ತಿರೋದು?"

ಯಾರೂ ಊದುತ್ತಿರಲಿಲ್ಲ. ಮೂವತ್ತು ಬಾಯಿಯೂ ಮುಚ್ಚಿತ್ತು. ಎದೆಯೊಳಗಿನ ದಾರಿಗಳು ಕೂದಲೆಳೆಯಷ್ಟು ಕಿರಿದಾದ ಮೇಲೆ, ಅಲ್ಲಿ ಹಾಯುವ ಗಾಳಿಯೂ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ಚೂರು ಚೂರಾಗಿಯೇ ಹೊರಬರಬೇಕಲ್ಲ. ಇದನ್ನು ಪೀಪಿ ಯಾರಿಗೂ ವಿವರಿಸಲು ಹೋಗಲಿಲ್ಲ. ವಿವರಿಸಿ ಅವನಿಗೆ ಸಾಕಾಗಿತ್ತು.

ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದು, ಒಂದು ಹೆಜ್ಜೆ ಇಟ್ಟು, ಪೀಪಿಯ ಎದೆಯ ಕಡೆ ಕಿವಿ ತಿರುಗಿಸಿದರು.

"ನಿಲ್ಲಿಸೋ ಆ ಶಬ್ದಾನ!" ಎಂದು ಡಾಕ್ಟರು ಕಿರುಚಿದರು. "ನಿಲ್ಲಿಸು ಅಂದೆ!"

ಪೀಪಿ ಎರಡು ಉಸಿರು ಎಳೆದುಕೊಂಡು, ಮಾತಿಗೆ ಸಾಲುವಷ್ಟು ಕೂಡಿಟ್ಟುಕೊಂಡ.

"ನಿಲ್ಲಿಸಲ್ಲ ಸಾರ್," ಎಂದ.